ರಿವೆಟ್ ಬಡಿಯುವ ಬೆಂಚಿನಿಂದ ನಕ್ಷೆ ಶುರುವಾಗಲಿ

ಓದುಗರ ಪ್ರಶ್ನೆ, ಪರಿಣತರ ಉತ್ತರ

ಶಿವಮೊಗ್ಗ ಸೀಮೆಯಲ್ಲಿ ವಿಮಾನ ಮೆಕ್ಯಾನಿಕ್‌ಗಳ ತರಬೇತಿ ಕೇಂದ್ರವನ್ನು ಕಟ್ಟುವ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ, ವಿಮಾನ ನಿರ್ವಹಣೆಯಲ್ಲಿ ದುಡಿದು ಈಗ ತರಬೇತಿ ನೀಡುತ್ತಿರುವ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಸೋಗಾನೆ ವಿಮಾನ ನಿಲ್ದಾಣದ ಹತ್ತಿರ, ಅದರ ಬೇಲಿಯಿಂದ ಹೊರಗೆ, ನಮ್ಮ ವಿದ್ಯಾಸಂಸ್ಥೆಗೆ ಸೇರಿದ ನಾಲ್ಕು ಎಕರೆ ಜಮೀನಿದೆ. ಅಲ್ಲಿ ತರಬೇತಿ ಕೇಂದ್ರ ಆರಂಭಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಮೊದಲ ನಕ್ಷೆಯಲ್ಲಿ ಮುಂಭಾಗಕ್ಕೆ ಪೂರ್ತಿ ಗಾಜಿನ ಗೋಡೆ, ಹಿಂದೆ ಎಟಿಆರ್ ಎಂಬ ಪ್ರಯಾಣಿಕರ ವಿಮಾನ ನಿಲ್ಲುವಷ್ಟು ದೊಡ್ಡ ಹ್ಯಾಂಗರ್ (ವಿಮಾನ ನಿಲ್ಲಿಸಿ ದುರಸ್ತಿ ಮಾಡುವ ಕೊಟ್ಟಿಗೆ), ಕಾರ್ಯಾಗಾರದ ಮೇಲಿನ ಮಹಡಿಯಲ್ಲಿ ತರಗತಿಗಳಿವೆ. ಇದನ್ನು ಒಪ್ಪಬಹುದೇ?
— ವಿದ್ಯಾಸಂಸ್ಥೆಯೊಂದರ ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ದಯವಿಟ್ಟು ಒಪ್ಪಬೇಡಿ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ನಮ್ಮ ವಿಮಾನ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದೆ. ಅದೇ ವರ್ಷದ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನಗಳೂ ಬರುತ್ತಿವೆ. ಅದನ್ನು ನೋಡಿದವರಿಗೆ ನಮ್ಮಲ್ಲೂ ಒಂದು ದೊಡ್ಡ ಹ್ಯಾಂಗರ್ ಇರಲಿ ಎಂಬ ಆಸೆ ಹುಟ್ಟುವುದು ಸಹಜ. ಆದರೆ ನಿಮ್ಮ ಜಮೀನು ಬೇಲಿಯ ಹೊರಗಿದೆ. ವಿಮಾನ ನಿಲ್ದಾಣದೊಳಗಿಂದ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಚಲಿಸುವ ದಾರಿ, ಬಂದು ಸೇರದ ಜಾಗಕ್ಕೆ ಎಟಿಆರ್ ತಾನಾಗಿ ಬರಲಾರದು. ಎಟಿಆರ್ 72 ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ ಅಳತೆ 27.05 ಮೀಟರ್, ಬಾಲದ ಎತ್ತರ 7.65 ಮೀಟರ್. ಎರಡೂ ಕಡೆ ಮೂರು ಮೀಟರ್ ತೆರವು ಬಿಟ್ಟರೂ 33 ಮೀಟರ್ ಅಗಲದ ಬಾಗಿಲು ಬೇಕು, ಅದರ ನಡುವೆ ಒಂದು ಕಂಬವನ್ನೂ ನಿಲ್ಲಿಸುವಂತಿಲ್ಲ. ಅಷ್ಟು ಅಗಲದ ಉಕ್ಕಿನ ಮಾಡಿಗೆ ಹಣ ಸುರಿದ ಮೇಲೆ ಬೆಂಚು, ಉಪಕರಣ, ಶಿಕ್ಷಕರ ಸಂಬಳಗಳಿಗೆ ಉಳಿಯುವುದು ಚಿಲ್ಲರೆ ಮಾತ್ರ.

ನಕ್ಷೆಯನ್ನು ಲೆಕ್ಕದಿಂದ ಶುರು ಮಾಡಿ. ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಪರವಾನಗಿಗೆ ಸಿಎಆರ್-66, ತರಬೇತಿ ಸಂಸ್ಥೆಗಳಿಗೆ ಸಿಎಆರ್-147 ಎಂಬ ನಿಯಮಾವಳಿಗಳಿದ್ದು, ಎರಡೂ ಯುರೋಪಿನ ನಿಯಮಗಳ ಚೌಕಟ್ಟಿನಲ್ಲಿಯೇ ರೂಪುಗೊಂಡಿವೆ. ಯುರೋಪಿನ ಆ ಚೌಕಟ್ಟಿನ ಪ್ರಕಾರ ಟರ್ಬೈನ್ ಎಂಜಿನ್ ವಿಮಾನಗಳ ಬಿ1.1 ವರ್ಗದ ಮೂಲ ಕೋರ್ಸು 2,400 ಗಂಟೆಗಳದ್ದು, ಅದರಲ್ಲಿ ಪಾಠದ ಪಾಲು ಶೇ 50ರಿಂದ 60. ಉಳಿದದ್ದು ಕೈಕೆಲಸ, ಅಂದರೆ ಪ್ರತಿ ವಿದ್ಯಾರ್ಥಿಗೂ 960 ಗಂಟೆಗೆ ಕಡಿಮೆಯಿಲ್ಲದಷ್ಟು ಪ್ರಾಯೋಗಿಕ ತರಬೇತಿ. ಪಾಠದ ತರಗತಿಯಲ್ಲಿ 28 ಮಂದಿಗಿಂತ ಹೆಚ್ಚು ಇರಬಾರದು, ಪ್ರಾಯೋಗಿಕದಲ್ಲಿ 15 ಮಂದಿಗೆ ಒಬ್ಬ ಶಿಕ್ಷಕರಾದರೂ ಇರಬೇಕು. ಹಾಗಾದರೆ 28 ಮಂದಿಯ ಒಂದು ತಂಡವನ್ನು ಹದಿನಾಲ್ಕು ಹದಿನಾಲ್ಕಾಗಿ ಒಡೆದು, ಅರ್ಧ ತಂಡ ತರಗತಿಯಲ್ಲಿದ್ದಾಗ ಇನ್ನರ್ಧ ಕಾರ್ಯಾಗಾರದಲ್ಲಿರುವಂತೆ ದಿನಚರಿ ಹಾಕಬಹುದು. ಈ ಹದಿನಾಲ್ಕು ಎಂಬ ಸಂಖ್ಯೆಯೇ ನಿಮ್ಮ ಕಟ್ಟಡದ ಮೂಲ ಅಳತೆಯಾಗಬೇಕು: ಲೋಹವನ್ನು ಕಚ್ಚಿ ಹಿಡಿಯುವ ಹದಿನಾಲ್ಕು ವೈಸ್, ಹದಿನಾಲ್ಕು ಪೂರ್ಣ ಉಪಕರಣ ಪೆಟ್ಟಿಗೆ, ಹದಿನಾಲ್ಕು ಮಂದಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ ನಿಲ್ಲುವ ಜಾಗ.

ಹ್ಯಾಂಗರ್ ಬೇಡವೆಂದು ನಾನು ಹೇಳುತ್ತಿಲ್ಲ. ಸೆಸ್ನಾ 172ರಂಥ ಪುಟ್ಟ ವಿಮಾನದ ರೆಕ್ಕೆಯ ಹರವು 11 ಮೀಟರ್, ಎತ್ತರ ಮೂರು ಮೀಟರ್‌ಗೂ ಕಡಿಮೆ. ಸುಮಾರು 24 ಮೀಟರ್ ಉದ್ದ, 18 ಮೀಟರ್ ಅಗಲದ ಹ್ಯಾಂಗರ್‌ನಲ್ಲಿ ಅಂಥ ಒಂದು ವಿಮಾನವನ್ನು ರೆಕ್ಕೆಗಳ ಸಮೇತವೂ ಇನ್ನೊಂದನ್ನು ರೆಕ್ಕೆ ಬಿಚ್ಚಿಯೂ ನಿಲ್ಲಿಸಿ, ಆಯುಸ್ಸು ಮುಗಿದ ಒಂದೆರಡು ಟರ್ಬೈನ್ ಎಂಜಿನ್‌ಗಳನ್ನು ಸ್ಟ್ಯಾಂಡಿನ ಮೇಲೆ ಇಡಬಹುದು. ದೊಡ್ಡ ವಿಮಾನದ ಅನುಭವಕ್ಕೆ, ನಿಜವಾಗಿ ದುರಸ್ತಿ ನಡೆಸುವ ಅನುಮೋದಿತ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೇ ಕಳುಹಿಸಿ. ಕೆಲಸ ನಡೆಯುವ ಹ್ಯಾಂಗರ್‌ನ ಗಡಿಬಿಡಿ, ಕಾಗದಪತ್ರ, ಪಾಳಿ ಬದಲಾವಣೆ ಇವನ್ನು ನಿಂತ ವಿಮಾನ ಎಂದಿಗೂ ಕಲಿಸಲಾರದು.

ಕಾರ್ಯಾಗಾರದ ಮೇಲೆ ತರಗತಿ ಇಡುವುದಂತೂ ದೊಡ್ಡ ತಪ್ಪು. ಲೋಹದ ಹಾಳೆಗಳನ್ನು ಜೋಡಿಸುವ ರಿವೆಟ್ ಎಂಬ ಮೊಳೆಗಳನ್ನು ಬಡಿಯುವ ರಿವೆಟ್ ಗನ್ನಿನ ಸದ್ದು ನೂರು ಡೆಸಿಬೆಲ್ ಮೀರುತ್ತದೆ, ಅದು ಕಾಂಕ್ರೀಟಿನ ಮೂಲಕ ಮೇಲಕ್ಕೂ ಹರಿಯುತ್ತದೆ. ತರಗತಿ, ಗ್ರಂಥಾಲಯ, ಪರೀಕ್ಷಾ ಕೊಠಡಿಗಳು ಒಂದು ಕಟ್ಟಡದಲ್ಲಿರಲಿ, ಕಾರ್ಯಾಗಾರ ಇನ್ನೊಂದರಲ್ಲಿರಲಿ, ನಡುವೆ ಮಾಡು ಹೊದಿಸಿದ ಓಣಿ ಇರಲಿ. ಒಬ್ಬರ ಉತ್ತರ ಪತ್ರಿಕೆಯಾಗಲಿ ಪರದೆಯಾಗಲಿ ಇನ್ನೊಬ್ಬರಿಗೆ ಕಾಣದಷ್ಟು ಅಂತರ ಪರೀಕ್ಷಾ ಕೊಠಡಿಯಲ್ಲಿರಬೇಕೆಂಬುದು ಅದೇ ಚೌಕಟ್ಟಿನ ಷರತ್ತು, ಆದ್ದರಿಂದ ಅದು ತರಗತಿಗಿಂತ ದೊಡ್ಡದಾಗುತ್ತದೆ. ವಿಮಾನ ನಿಲ್ದಾಣದ ಸುತ್ತಮುತ್ತ ಕಟ್ಟುವವರು ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣೆಯನ್ನು ಮೊದಲೇ ಪಡೆಯುವುದು ಒಳ್ಳೆಯದು. ಗಾಜಿನ ಗೋಡೆಯ ಹಣವನ್ನು ಕಂಪ್ರೆಸರ್‌ಗೂ ದೀಪಗಳಿಗೂ ಇಡಿ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಮಲೆನಾಡಿನ ಮಳೆಗೆ ಶಾಲೆ, ಗೋದಾಮು, ಅಡಿಕೆ ಸಂಸ್ಕರಣಾ ಘಟಕಗಳನ್ನು ಕಟ್ಟಿದ್ದೇನೆ. ವಿಮಾನ ಕಾರ್ಯಾಗಾರಕ್ಕೆ ಬೇರೇನಾದರೂ ವಿಶೇಷ ಎಚ್ಚರಿಕೆ ಬೇಕೇ?
— ಎಂಜಿನಿಯರ್, ಹೊಸನಗರ

ಉತ್ತರ: ಬೇಕು, ಮತ್ತು ಈ ಪ್ರಶ್ನೆಯನ್ನು ಮಲೆನಾಡಿನವರೇ ಕೇಳಿದ್ದು ನನಗೆ ಸಂತೋಷ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿದರೆ ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಸುರಿಯುವುದಿಲ್ಲ. ಆದರೆ ವಿಮಾನದ ಲೋಹಕ್ಕೆ ಸುರಿಯುವ ನೀರಿಗಿಂತ ಗಾಳಿಯಲ್ಲಿ ನಿಲ್ಲುವ ತೇವವೇ ಹೆಚ್ಚು ಅಪಾಯ, ಅದರಲ್ಲಿ ಸೋಗಾನೆಯೂ ಆಗುಂಬೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರೆಹೊರೆಯವರೇ.

ವಿಮಾನದ ಹೊದಿಕೆಗೆ ಬಳಸುವ 2024, ಚೌಕಟ್ಟಿಗೆ ಬಳಸುವ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಬಲ ಬರುವುದು ಕ್ರಮವಾಗಿ ತಾಮ್ರ ಮತ್ತು ಸತುವಿನ ಬೆರಕೆಯಿಂದ. ಆ ಬೆರಕೆಯೇ ಅವುಗಳಿಗೆ ತುಕ್ಕಿನ ಬಾಧೆಯನ್ನೂ ತರುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ, ಸುಮಾರು 90 ಸಾವಿರ ಬಾರಿ ಏರಿ ಇಳಿದಿದ್ದ ಬೋಯಿಂಗ್ 737 ವಿಮಾನದ ಮೇಲ್ಭಾಗದ ಹೊದಿಕೆ ಹಾರುತ್ತಿರುವಾಗಲೇ ಸುಮಾರು ಐದೂವರೆ ಮೀಟರ್ ಉದ್ದಕ್ಕೆ ಹರಿದುಹೋಯಿತು, ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ಹೊದಿಕೆಯ ಹಾಳೆಗಳು ಒಂದರ ಮೇಲೊಂದು ಕೂಡುವ ಜಾಗದಲ್ಲಿ ಅಂಟು ಬಿಟ್ಟು, ತೇವ ಸೇರಿ, ತುಕ್ಕು ಹಿಡಿದು, ರಿವೆಟ್ ತೂತುಗಳ ಅಂಚಿನಲ್ಲಿ ಬಿರುಕು ಬೆಳೆದಿದ್ದವು. ನಿರ್ವಹಣೆಯಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲ. ತುಕ್ಕನ್ನು ಕಂಡುಹಿಡಿಯಲು ಕಲಿಸಬೇಕಾದ ಕಟ್ಟಡವೇ ಉಪಕರಣಗಳಿಗೆ ತುಕ್ಕು ಹಿಡಿಸುವಂತಿರಬಾರದು.

ಹಾಗಾಗಿ ಹ್ಯಾಂಗರ್‌ನ ದೊಡ್ಡ ಬಾಗಿಲನ್ನು ನೈಋತ್ಯಕ್ಕೆ ಇಡಬೇಡಿ. ಮುಂಗಾರಿನ ಗಾಳಿ ಆ ಕಡೆಯಿಂದಲೇ ಬೀಸುತ್ತದೆ, ಪುಷ್ಯ ಮಳೆಯ ಹೊತ್ತಿಗೆ ಎರಚಲು ಹ್ಯಾಂಗರ್‌ನ ಅರ್ಧದವರೆಗೆ ಬಂದು ನಿಲ್ಲುತ್ತದೆ. ಬಾಗಿಲು ಈಶಾನ್ಯಕ್ಕಿರಲಿ, ಸೂರು ಗೋಡೆಯಿಂದ ಎರಡು ಮೀಟರಾದರೂ ಹೊರಚಾಚಲಿ, ನೆಲಗಟ್ಟು ಅಂಗಳಕ್ಕಿಂತ ಚೆನ್ನಾಗಿ ಎತ್ತರದಲ್ಲಿರಲಿ. ಇದನ್ನು ನಮ್ಮ ಹಳೆಯ ಮನೆಗಳ ಜಗುಲಿಗಳು ಬಲ್ಲವು. ತಗಡಿನ ಮಾಡಿನ ಕೆಳಗೆ ಶಬ್ದ ಮತ್ತು ಶಾಖ ತಡೆಯುವ ಪದರವನ್ನು ತಪ್ಪದೆ ಹಾಕಿಸಿ. ನಾನು ಪಾಠ ಮಾಡಿದ ಒಂದು ಕಡೆ ಬರೀ ತಗಡಿತ್ತು. ಜಡಿಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಮೊದಲ ಸಾಲಿನ ಹುಡುಗರಿಗೂ ನನ್ನ ಮಾತು ಕೇಳಿಸದೆ, ಎಷ್ಟೋ ದಿನ ಪಾಠವನ್ನು ಹಲಗೆಯ ಮೇಲೆ ಬರೆದೇ ಮುಗಿಸಬೇಕಾಯಿತು. ರಾತ್ರಿ ತಗಡು ತಣ್ಣಗಾದಾಗ ಅದರ ಒಳಮೈಯಲ್ಲಿ ತೇವ ಹನಿಗಟ್ಟಿ ಬಿಚ್ಚಿಟ್ಟ ಎಂಜಿನ್ ಭಾಗಗಳ ಮೇಲೆ ತೊಟ್ಟಿಕ್ಕುತ್ತಿತ್ತು.

ಒತ್ತಿದ ಗಾಳಿಯ ಪೈಪುಗಳದ್ದು ಇನ್ನೊಂದು ವಿಷಯ. ರಿವೆಟ್ ಗನ್, ಗಾಳಿಯ ಡ್ರಿಲ್ ಎಲ್ಲವೂ ಆರು ಬಾರ್ ಆಸುಪಾಸಿನ ಒತ್ತಡದಲ್ಲಿ ನಡೆಯುತ್ತವೆ. ಜುಲೈ ತಿಂಗಳ ಗಾಳಿಯನ್ನು ಕಂಪ್ರೆಸರ್ ಹಿಂಡಿದಾಗ ಅದರೊಳಗಿನ ನೀರು ಪೈಪಿನಲ್ಲಿ ಇಳಿಯುತ್ತದೆ. ಕಂಪ್ರೆಸರ್‌ನ ನಂತರ ತಂಪುಗೊಳಿಸಿ ಒಣಗಿಸುವ ಡ್ರೈಯರ್ ಇಟ್ಟು, ಮುಖ್ಯ ಪೈಪನ್ನು ಒಂದೇ ದಿಕ್ಕಿಗೆ ಸ್ವಲ್ಪ ಇಳಿಜಾರಾಗಿ ಎಳೆದು, ಕೊನೆಯಲ್ಲಿ ನೀರು ಬಿಡುವ ಕವಾಟ ಕೂರಿಸಿ. ಪ್ರತಿ ಬೆಂಚಿಗೆ ಇಳಿಯುವ ಕವಲನ್ನು ಮುಖ್ಯ ಪೈಪಿನ ತಳದಿಂದ ತೆಗೆಯದೆ ನೆತ್ತಿಯಿಂದ ತೆಗೆದು ಬಾಗಿಸಿ ಇಳಿಸಿ, ಆಗ ತಳದಲ್ಲಿ ಹರಿಯುವ ನೀರು ಗನ್ನಿಗೆ ಬರುವುದಿಲ್ಲ. ಅಳತೆ ಉಪಕರಣಗಳ ಕೋಣೆ ಮತ್ತು ಸ್ಟೋರ್ ಇವೆರಡಕ್ಕೆ ಮಾತ್ರ ತೇವ ಹೀರುವ ಯಂತ್ರ ಹಾಕಿದರೂ ಸಾಕು, ಇಡೀ ಹ್ಯಾಂಗರ್ ಒಣಗಿಸಲು ಹೊರಟರೆ ವಿದ್ಯುತ್ ಬಿಲ್ಲಿನಲ್ಲೇ ಸಂಸ್ಥೆ ಮುಳುಗುತ್ತದೆ.

ಬೇಸಿಗೆಯಲ್ಲಿ ಸಮಸ್ಯೆ ತಿರುಗಿಬೀಳುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು ಬೇರಿಂಗಿನೊಳಗೆ ಸೇರಿದರೆ ಅರದಂತೆ ಉಜ್ಜುತ್ತದೆ. ಕಾರ್ಯಾಗಾರದ ಮುಂದಿನ ಅಂಗಳಕ್ಕೆ ಕಾಂಕ್ರೀಟು ಹಾಕಿಸಿ, ಒಳಗೆ ತಿಳಿಬಣ್ಣದ ಎಪಾಕ್ಸಿ ನೆಲ ಮಾಡಿಸಿ. ತಿಳಿಬಣ್ಣದ ನೆಲ ಬೆಳಕನ್ನು ರೆಕ್ಕೆಯ ಅಡಿಗೆ ಹಿಂದಿರುಗಿಸುತ್ತದೆ, ಬಿದ್ದ ನಟ್ಟನ್ನೂ ಸೋರಿದ ಎಣ್ಣೆಯ ಹನಿಯನ್ನೂ ತೋರಿಸುತ್ತದೆ.

ಪ್ರಶ್ನೆ: ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದೆ. ವೈಸಿಗೆ ಕಬ್ಬಿಣ ಕಚ್ಚಿಸಿ ಅರ ಹಾಕುವುದಕ್ಕೂ ವಿಮಾನದ ಕೆಲಸಕ್ಕೂ ನಿಜವಾಗಿ ಏನು ವ್ಯತ್ಯಾಸ? ಬೆಂಚುಗಳನ್ನು ಹೇಗೆ ಜೋಡಿಸಬೇಕು?
— ನಿವೃತ್ತ ಫಿಟರ್, ಭದ್ರಾವತಿ

ಉತ್ತರ: ಹಿರಿಯರೇ, ನಿಮ್ಮಂಥವರ ಕೈ ಈ ಕೇಂದ್ರಕ್ಕೆ ಮೊದಲ ವರ್ಷದಲ್ಲಿಯೇ ಬೇಕು. ಮೊದಲ ತಿಂಗಳುಗಳಲ್ಲಿ ವಿದ್ಯಾರ್ಥಿ ಕಲಿಯುವುದು ನಿಮ್ಮದೇ ಕೆಲಸವನ್ನು: ಅರವನ್ನು ಮಟ್ಟಸವಾಗಿ ಹಿಡಿಯುವುದು, ಗೆರೆ ಹಾಕುವುದು, ತೂತನ್ನು ನೇರವಾಗಿ ಕೊರೆಯುವುದು. ವೈಸಿನ ದವಡೆ ನಿಂತವರ ಮೊಣಕೈ ಮಟ್ಟಕ್ಕಿರಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ಎಲ್ಲ ಬೆಂಚನ್ನೂ ಎತ್ತರದ ಹುಡುಗರ ಅಳತೆಗೆ ಮಾಡಿಸಿ ಕುಳ್ಳಗಿರುವ ಹುಡುಗಿಯರನ್ನು ಹೆಣಗಾಡಿಸುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಮರದ ಹಲಗೆಯ ಮೆಟ್ಟುಮಣೆಗಳನ್ನು ಮಾಡಿಸಿಟ್ಟರೆ ಅಲ್ಪ ಖರ್ಚಿನಲ್ಲಿ ಇದು ಸರಿಹೋಗುತ್ತದೆ.

ವ್ಯತ್ಯಾಸ ಇರುವುದು ಇಲ್ಲಿ. ಉಕ್ಕಿಗೆ ಹಾಕಿದ ಅರವನ್ನು ಅಲ್ಯೂಮಿನಿಯಂಗೆ ಹಾಕುವಂತಿಲ್ಲ. ಅದರ ಹಲ್ಲಿನಲ್ಲಿ ಸಿಕ್ಕಿದ ಉಕ್ಕಿನ ಪುಡಿ ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹೂತುಕೊಂಡು, ತೇವ ತಗುಲಿದೊಡನೆ ಎರಡು ಲೋಹಗಳ ನಡುವೆ ತುಕ್ಕು ಶುರುವಾಗುತ್ತದೆ. ಆದ್ದರಿಂದ ಉಕ್ಕಿನ ಬೆಂಚುಗಳು ಒಂದು ಕೋಣೆಯಲ್ಲಿ, ಅಲ್ಯೂಮಿನಿಯಂ ಬೆಂಚುಗಳು ಇನ್ನೊಂದರಲ್ಲಿ ಇರಬೇಕು. ಅರಗಳಿಗೂ ಬೇರೆ ಬೇರೆ ಬಣ್ಣದ ಹಿಡಿ ಇರಲಿ.

ಇನ್ನು ರಿವೆಟ್. ಒಂದು ಅಂಗುಲದ ಎಂಟನೇ ಒಂದು ಭಾಗ, ಅಂದರೆ 3.2 ಮಿಲಿಮೀಟರ್ ದಪ್ಪದ ರಿವೆಟ್‌ಗೆ 30ನೇ ನಂಬರಿನ ಡ್ರಿಲ್ಲಿನಿಂದ ತೂತು ಹಾಕುತ್ತಾರೆ. ಬಡಿದ ಮೇಲೆ ಹಿಂಬದಿಯಲ್ಲಿ ಮೂಡುವ ತಲೆ ರಿವೆಟ್‌ನ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮುಂದಿನಿಂದ ಗನ್ ಹಿಡಿದರೆ, ಇನ್ನೊಬ್ಬರು ಹಾಳೆಯ ಹಿಂದೆ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ನಡುವೆ ಹಾಳೆ ಇರುವುದರಿಂದ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಹಿಂದಿನವರು ಬಾರ್‌ನಿಂದ ಹಾಳೆಗೆ ಒಂದು ಸಲ ತಟ್ಟಿದರೆ ಇನ್ನೂ ಬಡಿ ಎಂದರ್ಥ, ಎರಡು ಸಲ ತಟ್ಟಿದರೆ ಸರಿಯಾಗಿದೆ, ಮೂರು ಸಲ ತಟ್ಟಿದರೆ ಕೆಟ್ಟಿದೆ, ಕೊರೆದು ತೆಗೆಯಬೇಕು. ಮೊದಲ ದಿನ ಬಾರ್ ಕೂದಲೆಳೆಯಷ್ಟು ವಾಲಿ ತಲೆ ಒಂದು ಕಡೆಗೆ ಸೊಟ್ಟಗಾಗದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಕಟ್ಟಡಕ್ಕೆ ಇದರಿಂದ ಬರುವ ಪಾಠವೆಂದರೆ, ರಿವೆಟ್ ಕೆಲಸದ ಚೌಕಟ್ಟುಗಳನ್ನು ಗೋಡೆಗೆ ಒರಗಿಸಬಾರದು. ಅವು ಕೋಣೆಯ ನಡುವೆ ನಿಲ್ಲಬೇಕು, ಎರಡೂ ಬದಿಯಲ್ಲಿ ಒಬ್ಬೊಬ್ಬರು ಆರಾಮವಾಗಿ ನಿಲ್ಲುವಷ್ಟು ಜಾಗವಿರಬೇಕು. ಬೆಂಚುಗಳೆಲ್ಲ ಗೋಡೆಗೆ ಅಂಟಿರುವ ನಕ್ಷೆ ಕಂಡರೆ, ಅದನ್ನು ಬರೆದವರು ರಿವೆಟ್ ಬಡಿಯುವುದನ್ನು ನೋಡಿಲ್ಲ ಎಂದು ತಿಳಿಯಿರಿ.

ಸ್ಟೋರ್ ಬಗ್ಗೆ ಒಂದು ಮಾತು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಲಾಗಾಕ್ಕೆ ಹೊರಟಿದ್ದ ವಿಮಾನದ ಮುಂಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಗಿ, ಕ್ಯಾಪ್ಟನ್ ಅರ್ಧ ದೇಹ ಹೊರಕ್ಕೆ ಎಳೆಯಲ್ಪಟ್ಟರು. ಸಿಬ್ಬಂದಿ ಅವರನ್ನು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು ಬದಲಿಸಲಾಗಿತ್ತು. ಅದಕ್ಕೆ ಹಾಕಿದ್ದ 90 ಬೋಲ್ಟ್‌ಗಳಲ್ಲಿ 84 ಅಗತ್ಯಕ್ಕಿಂತ 0.66 ಮಿಲಿಮೀಟರ್ ತೆಳ್ಳಗಿದ್ದವು, ಉಳಿದ ಆರು ಗಿಡ್ಡವಿದ್ದವು. ರಾತ್ರಿ ಪಾಳಿಯಲ್ಲಿ, ಮಂದ ಬೆಳಕಿನಲ್ಲಿ, ಹಳೆಯ ಬೋಲ್ಟನ್ನು ಹಿಡಿದು ಕಣ್ಣಳತೆಯಲ್ಲಿ ಹೋಲಿಸಿ ಅವನ್ನು ಆರಿಸಲಾಗಿತ್ತು. ಇಷ್ಟು ಓದಿದ ಮೇಲೆ ಸ್ಟೋರನ್ನು ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಗೆ ತಳ್ಳುವ ಮನಸ್ಸು ಯಾರಿಗೂ ಬರಲಿಕ್ಕಿಲ್ಲ. ಸ್ಟೋರ್‌ನಲ್ಲಿಯೂ ಬೆಂಚಿನ ಮೇಲಿರುವಷ್ಟೇ ಬೆಳಕು, ಬೆಳಕಿನ ಅಳತೆಯಲ್ಲಿ 500 ಲಕ್ಸ್‌ನಷ್ಟಾದರೂ ಇರಲಿ. ಕೊಡುವ ಕಿಟಕಿಯ ಪಕ್ಕದಲ್ಲೇ ಮೈಕ್ರೋಮೀಟರ್ ಮತ್ತು ಭಾಗಗಳ ಪಟ್ಟಿಯ ಪುಸ್ತಕ ಇರಲಿ. ಉಪಕರಣಗಳಿಗೆ ಶ್ಯಾಡೋ ಬೋರ್ಡ್ ಮಾಡಿಸಿ, ಅಂದರೆ ಪ್ರತಿ ಸ್ಪ್ಯಾನರ್‌ನ ಆಕಾರವನ್ನು ಹಲಗೆಯ ಮೇಲೆ ಬಣ್ಣದಿಂದ ಬರೆದಿಡಿ. ಸಂಜೆ ಖಾಲಿ ಆಕಾರ ಕಂಡರೆ, ಆ ಸ್ಪ್ಯಾನರ್ ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ.

ಪ್ರಶ್ನೆ: ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ಇಂಗ್ಲಿಷಿನ ಭಯದಿಂದ ಈ ಕೋರ್ಸು ಬೇಡವೆನ್ನುತ್ತಾಳೆ.
— ತಾಯಿ, ತೀರ್ಥಹಳ್ಳಿ

ಉತ್ತರ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಅವಳಿಗೆ ಅರ್ಹತೆಯಿದೆ. ಅಮ್ಮಾ, ವಿಮಾನದ ಕೈಪಿಡಿಗಳ ಇಂಗ್ಲಿಷು ಕಥೆ ಕಾದಂಬರಿಯ ಇಂಗ್ಲಿಷಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದ ಮೆಕ್ಯಾನಿಕ್‌ಗಳಿಗಾಗಿಯೇ ಸರಳಗೊಳಿಸಿದ ಒಂದು ತಾಂತ್ರಿಕ ಇಂಗ್ಲಿಷ್ ಇದೆ. ಅದರ ನಿಘಂಟಿನಲ್ಲಿ ಅನುಮತಿಸಿದ ಸಾಮಾನ್ಯ ಪದಗಳು ಸುಮಾರು 900, ಒಂದು ಪದಕ್ಕೆ ಒಂದೇ ಅರ್ಥ, ಕೆಲಸದ ಸೂಚನೆ ನೀಡುವ ವಾಕ್ಯ 20 ಪದ ಮೀರುವಂತಿಲ್ಲ. ಆರು ತಿಂಗಳಲ್ಲಿ ಅದು ಕೈವಶವಾಗುವುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ. ಕೇಂದ್ರ ಕಟ್ಟುವವರು ಮಾಡಬೇಕಾದದ್ದೂ ಇದೆ: ಯಾಕೆ, ಹೇಗೆ ಎಂಬುದನ್ನು ಶಿಕ್ಷಕರು ಕನ್ನಡದಲ್ಲಿ ವಿವರಿಸಲಿ, ಆದರೆ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದ ನಂತರವೇ ಸ್ಪ್ಯಾನರ್ ಎತ್ತುವ ರೂಢಿ ಹಾಕಲಿ. ಅದಕ್ಕೆ ಪ್ರತಿ ಬೆಂಚಿನ ಮೇಲೂ ಕೈಪಿಡಿ ಇಡುವ ವ್ಯಾಸಪೀಠದಂಥ ಓರೆ ಹಲಗೆ ಬೇಕು. ನಕ್ಷೆಗಳಲ್ಲಿ ಇದನ್ನು ಮರೆಯುತ್ತಾರೆ, ಆಮೇಲೆ ಪುಸ್ತಕ ಗ್ರಂಥಾಲಯದಲ್ಲೂ ಕೆಲಸ ನೆನಪಿನ ಮೇಲೂ ನಡೆಯುತ್ತದೆ. ಸೇರಿಸುವ ಮುನ್ನ ಸಂಸ್ಥೆಗೆ ಡಿಜಿಸಿಎ ಅನುಮೋದನೆ ಇದೆಯೇ, ಯಾವ ವರ್ಗಕ್ಕೆ ಇದೆ ಎಂಬುದನ್ನು ಮಾತ್ರ ತಪ್ಪದೆ ವಿಚಾರಿಸಿ. ಅನುಮೋದನೆ ಇಲ್ಲದ ಕಡೆ ಕಲಿತರೆ ಪರವಾನಗಿಗೆ ಬೇಕಾದ ಅನುಭವದ ವರ್ಷಗಳು ಹೆಚ್ಚಾಗುತ್ತವೆ.

ಪ್ರಶ್ನೆ: ತರಬೇತಿಗೆ ಬೇಕಾದ ಸೆಸ್ನಾದಂಥ ಹಳೆಯ ವಿಮಾನವನ್ನು ಮಂಗಳೂರಿನ ಕಡೆಯಿಂದ ಘಾಟಿ ಹತ್ತಿಸಿ ತರಬಹುದೇ?
— ಲಾರಿ ಮಾಲೀಕ, ಕೊಪ್ಪ

ಉತ್ತರ: ಬೇಡ. ರೆಕ್ಕೆ ಬಿಚ್ಚಿದರೂ ದೇಹ ಎಂಟು ಮೀಟರ್ ಉದ್ದವಿರುತ್ತದೆ, ಅದನ್ನು ಹೊತ್ತ ಟ್ರೇಲರ್ ಆಗುಂಬೆಯ ತಿರುವುಗಳಲ್ಲಿ ತಿರುಗದು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ತರೀಕೆರೆ ಮಾರ್ಗವಾಗಿ ತನ್ನಿ. ರೆಕ್ಕೆಗಳನ್ನು ಮಲಗಿಸದೆ, ಮುಂದಿನ ಅಂಚು ಕೆಳಗೆ ಬರುವಂತೆ ಮೆತ್ತೆ ಹಾಕಿದ ತೊಟ್ಟಿಲಿನಲ್ಲಿ ನಿಲ್ಲಿಸಿ ಕಟ್ಟಿ.

ಪ್ರಶ್ನೆ: ಇಂಥ ಕೇಂದ್ರ ನಮ್ಮ ಊರಿನ ಪಕ್ಕದಲ್ಲಿ ಬಂದರೆ ಬೆಂಕಿ ಮತ್ತು ಸದ್ದಿನ ಅಪಾಯವಿಲ್ಲವೇ?
— ಕೃಷಿಕ, ಶಿವಮೊಗ್ಗ ತಾಲ್ಲೂಕು

ಉತ್ತರ: ನೀವು ಕೇಳಬೇಕಾದದ್ದೇ. ಇಂಧನದ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕಾಗಿ ಹ್ಯಾಂಗರ್‌ನಲ್ಲಿ ನೆಲದಿಂದ 18 ಅಂಗುಲದವರೆಗೆ ಸಾಧಾರಣ ಸ್ವಿಚ್ಚು, ಪ್ಲಗ್ಗು ಇಡಬಾರದು, ನೆಲದಲ್ಲಿ ಗುಂಡಿಗಳನ್ನು ತೋಡಬಾರದು. ವಿಮಾನವನ್ನು ಭೂಮಿಗೆ ತಂತಿಯಿಂದ ಜೋಡಿಸಲು ನೆಲದಲ್ಲಿ ಅರ್ಥಿಂಗ್ ಬಿಂದುಗಳಿರಬೇಕು. ತರಬೇತಿಯ ವಿಮಾನಗಳ ಟ್ಯಾಂಕುಗಳನ್ನು ಖಾಲಿ ಮಾಡಿ, ಆವಿಯನ್ನೂ ಹೊರದೂಡಿಯೇ ಒಳಗಿಡಬೇಕು. ಬ್ಯಾಟರಿಗಳಿಗೆ ಎರಡು ಪ್ರತ್ಯೇಕ ಕೋಣೆ ಬೇಕು, ಸೀಸ-ಆಮ್ಲದ ಬ್ಯಾಟರಿಯ ಆವಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಹಾಳುಮಾಡುತ್ತದೆ. ಎರಡೂ ಕೋಣೆಗಳ ನೆತ್ತಿಯಲ್ಲಿ ಗಾಳಿಕಂಡಿ ಇರಬೇಕು, ಚಾರ್ಜ್ ಆಗುವಾಗ ಬರುವ ಜಲಜನಕ ಹಗುರವಾಗಿ ಮೇಲಕ್ಕೇರುತ್ತದೆ.

ಸದ್ದಿನ ಬಗ್ಗೆ: ಎಂಜಿನ್ ಚಾಲೂ ಮಾಡುವ ಅಂಗಳವನ್ನು ಜಮೀನಿನಲ್ಲಿ ಊರಿಗೆ ಅತಿ ದೂರದ ಮೂಲೆಯಲ್ಲಿಟ್ಟು, ಮೂರು ಕಡೆ ಮಣ್ಣಿನ ಏರಿ ಹಾಕಿಸಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ನೀವೇ ಕೇಳಿ. ಏರಿಯ ಹೊರಮೈಗೆ ಬಿದಿರು ಹಾಕಿಸಬಹುದು. ಎಂಜಿನ್ ಓಡಿಸುವ ದಿನ ಮತ್ತು ಹೊತ್ತನ್ನು ವಾರಕ್ಕೆ ಮೊದಲೇ ಪಂಚಾಯಿತಿಯ ಹಲಗೆಯಲ್ಲಿ ಬರೆಸಲು ಹೇಳಿ, ಸಂಜೆ ಆರರ ನಂತರ ಬೇಡವೆಂದು ಈಗಲೇ ಲಿಖಿತವಾಗಿ ಒಪ್ಪಿಸಿಕೊಳ್ಳಿ. ಕಟ್ಟಡ ಏಳುವ ಮೊದಲು ಈ ಮಾತು ಸುಲಭ.